ವಾಂತಿಯಾದರೆ ತಲೆನೋವು ಇಳಿಯುತ್ತದೆ, ಹಾಗಾದರೆ ಇದು ಗ್ಯಾಸ್ಟ್ರಿಕ್ ಅಲ್ಲವೇ?

ಪ್ರಶ್ನೆ: ತಿಂಗಳಲ್ಲಿ ಅರ್ಧಕ್ಕಿಂತ ಹೆಚ್ಚು ದಿನ ತಲೆನೋವು. ಬೆಳಕು, ಸದ್ದು ಆಗುವುದಿಲ್ಲ. ಹಳದಿ ವಾಂತಿಯಾದ ಮೇಲೆ ಹಗುರ. ಸ್ಕ್ಯಾನ್ ನಾರ್ಮಲ್. ಗ್ಯಾಸ್ಟ್ರಿಕ್ ಮಾತ್ರೆ ಒಂದು ವರ್ಷದಿಂದ ನಡೆದಿದೆ. ಪೂರ್ತಿ ಗುಣವಾಗಲು ಏನು ಮಾಡಬೇಕು?

ಉತ್ತರ: ಎಷ್ಟು ಸಲ ಬರೆದರೂ ಈ ಪ್ರಶ್ನೆ ಮತ್ತೆ ಬರುತ್ತದೆ, ‘ಗ್ಯಾಸ್ಟ್ರಿಕ್’ ಎಂಬ ಮಾತನ್ನು ಜೊತೆಗೆ ಹೊತ್ತುಕೊಂಡೇ ಬರುತ್ತದೆ. ಚಿಕಿತ್ಸೆಯ ಮಾತಿಗೆ ಮೊದಲು ಅದನ್ನು ಬಿಡಿಸಲೇಬೇಕು.

ಗ್ಯಾಸ್ ತಲೆಗೆ ಏರುವುದಿಲ್ಲ. ಹೊಟ್ಟೆಯ ಗಾಳಿ ತಲೆಗೆ ಹೋಗುವ ದಾರಿಯೇ ದೇಹದಲ್ಲಿಲ್ಲ. ನಡೆಯುವುದು ಇದಕ್ಕೆ ತದ್ವಿರುದ್ಧ. ನೀವು ಹೇಳಿದ ಲಕ್ಷಣಗಳು ಮೈಗ್ರೇನಿನವು, ಅದು ಹುಟ್ಟುವುದು ಮೆದುಳಿನಲ್ಲಿ. ಮುಖ, ಹಣೆ ಮತ್ತು ಮೆದುಳಿನ ಪೊರೆಯ ನೋವನ್ನು ಒಯ್ಯುವ ಟ್ರೈಜೆಮಿನಲ್ ನರ ಕೆರಳಿ, ಸಿಜಿಆರ್‌ಪಿ ಎಂಬ ರಾಸಾಯನಿಕವನ್ನು ಬಿಡುತ್ತದೆ. ಅದೇ ಹೊತ್ತಿಗೆ ಮೆದುಳಿನ ಬುಡದಲ್ಲಿ ವಾಕರಿಕೆ ಎಬ್ಬಿಸುವ ಭಾಗವೂ ಕೆರಳುತ್ತದೆ, ಜಠರ ಕೆಲಸ ನಿಧಾನಿಸುತ್ತದೆ. ತಿಂದದ್ದು ಮುಂದೆ ಸಾಗದೆ ಕೂರುತ್ತದೆ. ಉಬ್ಬರ, ತೇಗು, ಹುಳಿನೀರು ಎಲ್ಲ ಅಲ್ಲಿಂದಲೇ. ಹೊಟ್ಟೆ ಕೆಟ್ಟು ತಲೆ ನೋಯುತ್ತಿಲ್ಲ, ತಲೆಯ ಕಾಯಿಲೆ ಹೊಟ್ಟೆಯನ್ನೂ ಹಿಡಿದಿದೆ.

‘ಹಳದಿ ಪಿತ್ತ ಬರುತ್ತದಲ್ಲ?’ ಬರುತ್ತದೆ. ಖಾಲಿ ಹೊಟ್ಟೆಯಲ್ಲಿ ನಾಲ್ಕು ಸಲ ವಾಂತಿಯಾದರೆ ಸಣ್ಣ ಕರುಳಿನ ಪಿತ್ತರಸ ಯಾರಿಗಾದರೂ ಮೇಲೆ ಬರುತ್ತದೆ. ‘ಆಮೇಲೆ ನೋವು ಇಳಿಯುತ್ತದಲ್ಲ?’ ಎಷ್ಟೋ ಜನರಲ್ಲಿ ವಾಂತಿ ಬರುವುದೇ ನೋವು ಇಳಿಯುವ ಹೊತ್ತಿಗೆ, ಬೆನ್ನಿಗೇ ನಿದ್ದೆ ಹತ್ತುತ್ತದೆ. ‘ಹೊತ್ತಿಗೆ ಊಟ ಮಾಡದಿದ್ದರೆ ನೋವು ಗ್ಯಾರಂಟಿ!’ ನಿಜ, ಉಪವಾಸ ಮೈಗ್ರೇನನ್ನು ಕೆರಳಿಸುವ ಕಾರಣಗಳಲ್ಲಿ ಮುಖ್ಯವಾದದ್ದು. ಏಕಾದಶಿ, ಒಪ್ಪತ್ತಿನ ಶನಿವಾರ ನೋವು ತಪ್ಪದೆ ಬರುವುದು ಅದಕ್ಕೇ. ಗ್ಯಾಸ್ಟ್ರಿಕ್‌ಗೆಂದು ಕೊಡುವ ಪ್ಯಾಂಟೊಪ್ರಜೋಲ್ ಮಾತ್ರೆ ಆಮ್ಲ ತಗ್ಗಿಸುತ್ತದೆ, ನರದ ಕೆರಳಿಕೆಯನ್ನು ಮುಟ್ಟುವುದಿಲ್ಲ. ವರ್ಷವಿಡೀ ನುಂಗಿದರೂ ನೋವಿನ ದಿನ ಕಡಿಮೆಯಾಗಿಲ್ಲ ಎಂದ ಮೇಲೆ ಉತ್ತರ ನಿಮ್ಮ ಕೈಯಲ್ಲೇ ಇದೆ.

ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. ನಿಮ್ಹಾನ್ಸ್ ತಂಡ ಬೆಂಗಳೂರಿನ ಒಳಗೆ, ಸುತ್ತಮುತ್ತ ಮಾಡಿ 2015ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ವಯಸ್ಕರಲ್ಲಿ ನೂರಕ್ಕೆ ಸುಮಾರು 25 ಜನರಿಗೆ ಆ ಒಂದು ವರ್ಷದಲ್ಲಿ ಮೈಗ್ರೇನ್ ಬಂದಿತ್ತು. ಗ್ಯಾಸ್ಟ್ರಿಕ್ ಅಂದುಕೊಂಡವರು ಮೆಡಿಕಲ್ ಶಾಪಿನ ನೋವಿನ ಮಾತ್ರೆಯಲ್ಲೇ ವರ್ಷಗಳನ್ನು ಕಳೆಯುತ್ತಾರೆ. ಕಾಯಿಲೆ ಬಲಿಯುವುದೂ ಅಲ್ಲೇ.

ಮೂರು ತಿಂಗಳಿಗೂ ಹೆಚ್ಚು ಕಾಲ, ತಿಂಗಳಿಗೆ 15 ದಿನ ಅಥವಾ ಹೆಚ್ಚು ತಲೆನೋವಿದ್ದು, ಅದರಲ್ಲಿ 8 ದಿನವಾದರೂ ಮೈಗ್ರೇನ್ ಲಕ್ಷಣವಿದ್ದರೆ ಅದು ದೀರ್ಘಕಾಲದ ಮೈಗ್ರೇನ್. ಇವರಲ್ಲಿ ಬಹಳ ಮಂದಿಗೆ ಮಾತ್ರೆಯೇ ತಲೆನೋವನ್ನು ಉಳಿಸಿರುತ್ತದೆ. ಅದಕ್ಕೊಂದು ಗಡಿಯಿದೆ: ನುಂಗುವುದು ಬರೀ ಪ್ಯಾರಾಸಿಟಮಾಲ್, ಐಬುಪ್ರೊಫೇನ್ ಆದರೆ ತಿಂಗಳಿಗೆ 15 ದಿನ. ಮೈಗ್ರೇನ್ ನೋವಿಗೆಂದೇ ಇರುವ ಟ್ರಿಪ್ಟಾನ್, ಎರ್ಗೊಟಮಿನ್ ಅಥವಾ ಕೆಫೀನ್ ಬೆರೆತ ಮಾತ್ರೆಯಾದರೆ 10 ದಿನ. ಈ ಗಡಿ ಮುಟ್ಟಿದ್ದರೆ ಮೊದಲು ಅದನ್ನು ಇಳಿಸಬೇಕು. ಬಿಟ್ಟ ಮೊದಲ ಒಂದೆರಡು ವಾರ ನೋವು ಜಾಸ್ತಿಯಾಗುತ್ತದೆ, ಹೆಚ್ಚಿನವರು ಸೋಲುವುದು ಆಗಲೇ. ವೈದ್ಯರಿಗೆ ಹೇಳಿಯೇ ಬಿಡಿ. ವಾರಕ್ಕೆ ಎರಡು ದಿನಕ್ಕಿಂತ ಹೆಚ್ಚು ನೋವಿನ ಮಾತ್ರೆ ಬೇಡ. ತೆಗೆದುಕೊಳ್ಳುವ ದಿನ ನೋವು ಶುರುವಾದ ಕೂಡಲೇ ಪೂರ್ತಿ ಡೋಸ್ ತೆಗೆದುಕೊಳ್ಳಿ. ಜಠರ ನಿಧಾನಿಸಿದ ಮೇಲೆ ನುಂಗಿದ್ದು ರಕ್ತಕ್ಕೆ ಸೇರುವುದು ತಡ.

ಎರಡನೆಯದು, ನೋವು ಬಾರದಂತೆ ತಡೆಯುವ ಔಷಧ. ಇಂಥವು ಹಲವು ಇವೆ. ಪ್ರೊಪ್ರನೊಲಾಲ್ ಆಸ್ತಮಾ ಇದ್ದವರಿಗೆ ಆಗದು. ಅಮಿಟ್ರಿಪ್ಟಿಲಿನ್ ರಾತ್ರಿ 10 ಮಿಲಿಗ್ರಾಂನಿಂದ ಶುರು, ಬಾಯಿ ಒಣಗುತ್ತದೆ, ತೂಕ ಏರಬಹುದು. ಟೋಪಿರಮೇಟ್ 25ರಿಂದ ವಾರವಾರ ಏರಿಸಿ 100ರವರೆಗೆ; ಬೆರಳು ಜುಮ್ಮೆನ್ನುತ್ತದೆ, ಮಾತು ಬಾಯಿಗೆ ಬರುವುದು ತಡವಾಗುತ್ತದೆ. ಗರ್ಭಿಣಿಯಾಗುವ ಸಾಧ್ಯತೆ ಇರುವವರು ಇದರ ಬಗ್ಗೆಯೂ ವಾಲ್‌ಪ್ರೋಯೇಟ್ ಎಂಬ ಇನ್ನೊಂದು ತಡೆ ಔಷಧದ ಬಗ್ಗೆಯೂ ಮೊದಲೇ ಡಾಕ್ಟರ ಹತ್ತಿರ ಮಾತಾಡಬೇಕು. ಹತ್ತು ದಿನಕ್ಕೇ ‘ಕೆಲಸ ಮಾಡಲಿಲ್ಲ’ ಅಂತ ಬಿಡಬೇಡಿ! ಪೂರ್ತಿ ಡೋಸ್ ತಲುಪಿದ ಮೇಲೆ ಎರಡು ತಿಂಗಳಾದರೂ ಕೊಡದೆ ಯಾವ ತೀರ್ಪೂ ಸಲ್ಲದು. ನೋವಿನ ದಿನಗಳು ಅರ್ಧಕ್ಕೆ ಇಳಿದರೆ ಅದು ಒಳ್ಳೆಯ ಫಲ. ‘ಪೂರ್ತಿ ಗುಣ’ದ ಭರವಸೆ ಕೊಡುವವರಿಂದ ದೂರವಿರಿ.

ಎರಡು ಮೂರು ಔಷಧ ಸೋತರೆ ಬೊಟಾಕ್ಸ್ ಇಂಜೆಕ್ಷನ್ ಇದೆ. ತಲೆ, ಕುತ್ತಿಗೆ, ಭುಜದ 31 ಜಾಗಕ್ಕೆ ಒಟ್ಟು 155 ಯೂನಿಟ್, 12 ವಾರಕ್ಕೊಮ್ಮೆ. ಸಿಜಿಆರ್‌ಪಿಯನ್ನೇ ತಡೆಯುವ ಇಂಜೆಕ್ಷನ್ನುಗಳೂ ಇವೆ. ಎರಡೂ ದುಬಾರಿ.

ಇದ್ದಕ್ಕಿದ್ದಂತೆ ಸಿಡಿದ ನೋವು, ಜ್ವರದ ಜೊತೆ ಕುತ್ತಿಗೆ ಬಿಗಿತ, ಕೈಕಾಲು ಸೋಲು, 50 ದಾಟಿದ ಮೇಲೆ ಹೊಸದಾಗಿ ಬಂದ ತಲೆನೋವು: ಇವಕ್ಕೆ ಕಾಯಬೇಡಿ, ಅಂದೇ ಆಸ್ಪತ್ರೆಗೆ ಹೋಗಿ.

ಕೇಳಲಿಲ್ಲ, ಆದರೂ ಹೇಳಬೇಕು: ತಲೆಗೆ ಸ್ನಾನ ಮಾಡಿದ ದಿನ ನೋವು ಬರುವುದು ಭ್ರಮೆಯಲ್ಲ. ಮುಂಬೈನ ತಜ್ಞ ಡಾ. ಕೆ. ರವಿಶಂಕರ್ ಇಂಥ 94 ಭಾರತೀಯ ರೋಗಿಗಳ ಬಗ್ಗೆ 2006ರಲ್ಲೇ ಬರೆದಿದ್ದಾರೆ. ಹಲವರಲ್ಲಿ ಸ್ನಾನದ ಜೊತೆಗೆ ಇನ್ನೊಂದು ಕಾರಣವೂ ಸೇರಿರುತ್ತದೆ. ಹಬ್ಬದ ಬೆಳಗ್ಗೆ ನಿದ್ದೆಗೆಟ್ಟು, ಖಾಲಿ ಹೊಟ್ಟೆಯಲ್ಲಿ ಎಣ್ಣೆಸ್ನಾನ ಮಾಡಿ, ಪೂಜೆ ಮುಗಿಯುವವರೆಗೆ ಏನೂ ತಿನ್ನದಿದ್ದರೆ ಮೂರೂ ಕೂಡುತ್ತವೆ. ಸ್ನಾನಕ್ಕೆ ಮುಂಚೆ ಒಂದು ಲೋಟ ಹಾಲಾದರೂ ಕುಡಿಯಿರಿ. ಅಷ್ಟಾದರೂ ಪ್ರತಿ ಸಲ ಬರುತ್ತಿದ್ದರೆ, ಸ್ನಾನಕ್ಕೆ ಮೊದಲೇ ಮಾತ್ರೆ ತೆಗೆದುಕೊಳ್ಳಬಹುದೇ ಎಂದು ಡಾಕ್ಟರನ್ನು ಕೇಳಿ.