ಅಣ್ಣ-ತಮ್ಮಂದಿರ ಮನೆಗೆ ಒಂದೇ ಪೈಪು: ವಾಲ್ವ್ ಎಲ್ಲಿರಬೇಕು?

ಕಾಸರಗೋಡಿನ ಪೆರ್ಲ, ಬದಿಯಡ್ಕ ಕಡೆಯ ಗುಡ್ಡದ ಮನೆಗಳಿಗೆ ಸುರಂಗದ, ಅಂದರೆ ನೀರಿಗಾಗಿ ಗುಡ್ಡದೊಳಗೆ ಅಡ್ಡಕ್ಕೆ ಕೊರೆದ ಬಿಲದ, ನೀರು ತಾನಾಗಿ ಇಳಿದು ಬರುತ್ತದೆ. ಪಂಪು ಬೇಡ, ಕರೆಂಟೂ ಬೇಡ. ಆಸ್ತಿ ಪಾಲಾದಾಗ ತೋಟ ಎರಡಾಗುತ್ತದೆ, ಪೈಪು ಮಾತ್ರ ಒಂದೇ ಉಳಿಯುತ್ತದೆ. ನಡುವೆ ಒಂದು ಟೀ (ಮೂರು ಬಾಯಿಯ ಪೈಪು ಜೋಡಣೆ) ಹಾಕಿ ತಮ್ಮನ ಮನೆಗೆ ಲೈನು ಎಳೆಯುತ್ತಾರೆ. ಮಾರ್ಚಿನಲ್ಲಿ ಒರತೆ ಇಳಿದಾಗ ತಕರಾರು ಶುರು.

"ಕೆಳಗಿನವರು ನೀರು ತಿರುಗಿಸಿಕೊಂಡಿದ್ದಾರೆ, ಒಮ್ಮೆ ಬಂದು ನೋಡಿ" ಎಂದು ಮೇಲಿನ ಮನೆಯಿಂದ ಫೋನು ಬರುತ್ತದೆ. ಹೋಗಿ ನೋಡಿದರೆ ಹೆಚ್ಚಿನ ಕಡೆ ಯಾರೂ ಏನೂ ಮಾಡಿರುವುದಿಲ್ಲ. 10 ಮೀಟರ್ ತಗ್ಗಿಗೆ ಪ್ರೆಶರು ಚದರ ಸೆಂಟಿಮೀಟರಿಗೆ ಸುಮಾರು 1 ಕೆಜಿ ಹೆಚ್ಚುತ್ತದೆ. ಒರತೆ ಸಣ್ಣದಾದಾಗ ಕೆಳಗಿನ ನಲ್ಲಿ ತೆರೆದಿದ್ದರೆ ಮೇಲಿನ ನಲ್ಲಿಗೆ ನೀರು ಮುಟ್ಟುವುದೇ ಇಲ್ಲ. ಈ ಒಂದು ಕಾರಣಕ್ಕೆ ಒಡಹುಟ್ಟಿದವರು ಮಾತು ಬಿಟ್ಟದ್ದನ್ನು ಕಂಡಿದ್ದೇನೆ, ತುಂಬ ಬೇಸರವಾಗುತ್ತದೆ.

ಕೆಳಗಿನ ಲೈನಿನ ಗೇಟ್‌ವಾಲ್ವನ್ನು ಅರ್ಧ ಮುಚ್ಚಿಡುವುದು ಪರಿಹಾರವಲ್ಲ. ಅರ್ಧ ತೆರೆದ ಗೇಟು ನೀರಿನ ಹೊಡೆತಕ್ಕೆ ಸವೆಯುತ್ತದೆ, ಅಡಿಯಲ್ಲಿ ಮಣ್ಣು ಕೂರುತ್ತದೆ, ಆಮೇಲೆ ಪೂರ್ತಿ ಮುಚ್ಚುವುದೂ ಇಲ್ಲ. ಒರತೆ ಬದಲಾದಂತೆ ಪಾಲೂ ಬದಲಾಗುತ್ತದೆ.

ನಾನು ಹೇಳುವುದು ಪಾಲುತೊಟ್ಟಿ. ಎರಡೂ ಮನೆಗಿಂತ ಎತ್ತರದಲ್ಲಿ ಮೂರು ಕೋಣೆಯ ಸಣ್ಣ ಸಿಮೆಂಟು ತೊಟ್ಟಿ ಕಟ್ಟಿಸಿ. ಸುರಂಗದ ನೀರು ನಡುಕೋಣೆಗೆ ಬೀಳಲಿ. ಅದರ ಎರಡು ಬದಿಯ ಗೋಡೆಗಳಲ್ಲಿ ಒಂದೇ ಅಗಲದ, ಒಂದೇ ಮಟ್ಟದ ಕಚ್ಚು (ನೀರು ಹರಿದು ದಾಟುವ ಕೊರೆ) ಇರಲಿ. ಮಟ್ಟವನ್ನು ಲೆವೆಲ್ ಟ್ಯೂಬು (ನೀರು ತುಂಬಿದ ಪಾರದರ್ಶಕ ಕೊಳವೆ) ಹಿಡಿದೇ ನೋಡಬೇಕು, ಕಣ್ಣಳತೆ ಸಾಲದು; ಬೇಸಿಗೆಯ ತೆಳು ನೀರಿಗೆ ಬೆರಳಗಲ ವ್ಯತ್ಯಾಸವಿದ್ದರೂ ಒಂದು ಕಡೆ ಪೂರ್ತಿ ಒಣಗುತ್ತದೆ. ಕಚ್ಚು ದಾಟಿದ ನೀರು ಅವರವರ ಕೋಣೆಗೆ ಬಿದ್ದು, ಅಲ್ಲಿಂದ ಬೇರೆ ಬೇರೆ ಪೈಪಿನಲ್ಲಿ ಹೋಗುತ್ತದೆ. ಕೆಳಗಿನ ಮನೆಯ ಎಳೆತ ಕಚ್ಚಿನಾಚೆ ತಲುಪದು. ಒಬ್ಬರು ವಾಲ್ವ್ ಮುಚ್ಚಿದರೆ ಅವರ ಕೋಣೆ ತುಂಬಿ, ಅಷ್ಟೂ ನೀರು ಇನ್ನೊಬ್ಬರಿಗೆ ಸಿಗುತ್ತದೆ. ಕೆಲಸ ಮುಗಿದ ದಿನ ಎರಡೂ ಮನೆಯವರ ಎದುರೇ ಎರಡು ಕಚ್ಚಿಗೂ ಒಂದೇ ಅಳತೆಯ ಬಕೆಟ್ ಹಿಡಿದು ನೋಡಿ.

ಎರಡೂ ಬದಿಕೋಣೆಯ ಪೈಪಿನ ಬಾಯಿಗೊಂದು, ಪ್ರತಿ ಮನೆಯಂಗಳಕ್ಕೊಂದು ಬಾಲ್‌ವಾಲ್ವ್ ಹಾಕಿ. ಹಿಡಿ ಪೈಪಿನ ಉದ್ದಕ್ಕಿದ್ದರೆ ತೆರೆದಿದೆ, ಅಡ್ಡಕ್ಕಿದ್ದರೆ ಮುಚ್ಚಿದೆ, ಮಕ್ಕಳಿಗೂ ಗೊತ್ತಾಗುತ್ತದೆ. ಮುರಕಲ್ಲಿನ (ಜಂಬಿಟ್ಟಿಗೆಯ) ನೆಲದ ನೀರು ಹುಳಿಗುಣದ್ದು, ಕಬ್ಬಿಣದ ವಾಲ್ವ್ ಬೇಡ.

ಕಾಗದದ ಕೆಲಸವೂ ಇದೆ. 1882ರ ಈಸ್‌ಮೆಂಟ್ (ಇನ್ನೊಬ್ಬರ ಜಾಗದ ಮೇಲಿನ ಬಳಕೆಯ ಹಕ್ಕು) ಕಾಯ್ದೆಯ 15ನೇ ಕಲಂ ಪ್ರಕಾರ, 20 ವರ್ಷ ಬಹಿರಂಗವಾಗಿ, ಹಕ್ಕೆಂದೇ, ತಡೆಯಿಲ್ಲದೆ ಬಳಸಿದ ನೀರಿನ ದಾರಿಗೆ ಹಕ್ಕು ಹುಟ್ಟುತ್ತದೆ. ಅದನ್ನು ಕೋರ್ಟಿನಲ್ಲಿ ಸಾಬೀತು ಮಾಡುವ ಕಷ್ಟ ಯಾಕೆ? ಪಾಲುಪತ್ರ ಬರೆಸುವಾಗಲೇ ಸುರಂಗ ಯಾರ ಜಾಗದಲ್ಲಿದೆ, ಪೈಪು ಎಲ್ಲಿ ಹಾಯುತ್ತದೆ, ರಿಪೇರಿಗೆ ಯಾರು ಯಾರ ಜಾಗಕ್ಕೆ ಹೋಗಬಹುದು, ಖರ್ಚು ಹೇಗೆ ಎಂಬುದನ್ನು ನಕ್ಷೆಸಹಿತ ಸೇರಿಸಿ.