ಓಬೋ ಊದುವ ಸ್ವರ ಷಡ್ಜವಲ್ಲ

ರಾಯಚೂರಿನ ಪಂಡಿತ ಸಿದ್ಧರಾಮ ಜಂಬಲದಿನ್ನಿ ರಂಗಮಂದಿರದಲ್ಲಿ ಹಿಂದೂಸ್ತಾನಿ ಕಛೇರಿಗಳನ್ನು ಕೇಳಿ ಬೆಳೆದ ನನ್ನಂಥ ವಿದ್ಯಾರ್ಥಿಗಳಿಗಾಗಿ, ಕೇಳಿದ್ದು ಮರೆಯುವ ಮೊದಲೇ ಈ ಟಿಪ್ಪಣಿಯನ್ನು ಬರೆದಿಡುತ್ತಿದ್ದೇನೆ. ಉದ್ಯಾನ್ ಎಕ್ಸ್‌ಪ್ರೆಸ್‌ನಲ್ಲಿ ಮುಂಬೈಗೆ ಹೋಗಿ, ಒಂದು ಸಂಜೆ ಸಿಂಫನಿ ಆರ್ಕೆಸ್ಟ್ರಾ, ಅಂದರೆ ಪಾಶ್ಚಾತ್ಯ ವಾದ್ಯವೃಂದದ ಕಛೇರಿಯನ್ನು ಕೇಳಿದೆ. ಅಂದು ನುಡಿಸಿದ್ದು ಆಸ್ಟ್ರಿಯಾದ ಸಂಯೋಜಕ ಗುಸ್ತಾವ್ ಮಾಹ್ಲರ್ ಅವರ ನಾಲ್ಕನೆಯ ಸಿಂಫನಿ (ಇಡೀ ವಾದ್ಯವೃಂದಕ್ಕಾಗಿ ಬರೆದ ದೀರ್ಘ ಕೃತಿ). 1901ರಲ್ಲಿ ಮ್ಯೂನಿಕ್‌ನಲ್ಲಿ ಮೊದಲು ಪ್ರದರ್ಶನಗೊಂಡ ಈ ಕೃತಿಗೆ ನಾಲ್ಕು ಭಾಗಗಳಿದ್ದು, ಎಲ್ಲ ಸೇರಿ ಸುಮಾರು ಒಂದು ಗಂಟೆಯಾಗುತ್ತದೆ. ಸೊಪ್ರಾನೊ (ಏರು ಕಂಠದ) ಗಾಯಕಿ ಹಾಡುವುದು ಕೊನೆಯ ಭಾಗದಲ್ಲಿ ಮಾತ್ರ.

ನಾನು ಎಡವಿದ್ದು ಮೊದಲ ನಿಮಿಷದಲ್ಲಿಯೇ. ದೀಪ ಮಂಕಾದ ಮೇಲೆ ಓಬೋ (ಶಹನಾಯಿಯಂಥ ಊದುವ ವಾದ್ಯ) ವಾದಕರು ಒಂದೇ ಸ್ವರವನ್ನು ನೀಳವಾಗಿ ಊದಿದರು; ಪಿಟೀಲು, ಚೆಲ್ಲೊ, ತುತ್ತೂರಿಗಳೆಲ್ಲ ಅದಕ್ಕೆ ಶ್ರುತಿಗೂಡಿದವು. ತಂಬೂರಿಯ ಜಾಗದಲ್ಲಿ ಓಬೋ ಇದೆ, ಆದ್ದರಿಂದ ಇದೇ ಷಡ್ಜ, ಅಂದರೆ ಆಧಾರದ 'ಸಾ' ಎಂದು ಭಾವಿಸಿ ಅದನ್ನು ಮನಸ್ಸಿನಲ್ಲಿ ಗಟ್ಟಿಯಾಗಿ ಹಿಡಿದುಕೊಂಡೆ. ಮುಂದಿನ ಅರ್ಧ ಗಂಟೆ ಯಾವ ಸಾಲೂ ನೆಲೆಗೆ ಬಂದಂತೆ ಅನ್ನಿಸಲಿಲ್ಲ.

ಊರಿಗೆ ಮರಳಿ ಹಾರ್ಮೋನಿಯಂ ಪೆಟ್ಟಿಗೆಯ ಮುಂದೆ ಕುಳಿತಾಗ ಕಾರಣ ತಿಳಿಯಿತು. ಓಬೋ ಊದಿದ್ದು 'ಎ' ಸ್ವರ, ಅಂದರೆ ನಮ್ಮ ಬಿಳಿ ಆರು (ಪೆಟ್ಟಿಗೆಯ ಮೇಲೆ 'ಸಿ' ಸ್ವರದಿಂದ ಎಣಿಸಿದರೆ ಆರನೆಯ ಬಿಳಿ ಮನೆ; ಕಪ್ಪು ಮನೆಗಳ ಎಣಿಕೆಯೂ ಹೀಗೆಯೇ). ಅದರ ಕಂಪನ 440 ಹರ್ಟ್ಸ್ ಎಂಬುದು ಅಂತರರಾಷ್ಟ್ರೀಯ ಅಳತೆ. ಕೆಲವು ಆರ್ಕೆಸ್ಟ್ರಾಗಳು ತುಸು ಏರಿಸಿಕೊಳ್ಳುತ್ತವೆ. ಅದು ವಾದ್ಯಗಳನ್ನು ಒಂದಕ್ಕೊಂದು ಹೊಂದಿಸುವ ಸ್ವರವೇ ಹೊರತು ಕೃತಿಯ ಆಧಾರಸ್ವರವಲ್ಲ. ಈ ಸಿಂಫನಿಯ ಮೊದಲ ಭಾಗ ಜಿ ಮೇಜರ್‌ನಲ್ಲಿದೆ, ಅಂದರೆ ಅದರ ಆಧಾರಸ್ವರ ಜಿ, ನಮ್ಮ ಬಿಳಿ ಐದು. ಬಿಳಿ ಐದನ್ನು ಷಡ್ಜವಾಗಿಟ್ಟುಕೊಂಡು ನುಡಿಸಿದರೆ ಅದು ಶುದ್ಧ ಬಿಲಾವಲ್ ಥಾಟ್ (ಥಾಟ್ ಎಂದರೆ ರಾಗಗಳಿಗೆ ಆಧಾರವಾದ ಏಳು ಸ್ವರಗಳ ಚೌಕಟ್ಟು). ಅವೇ ಏಳು ಸ್ವರಗಳನ್ನು ನಾನು ಮಾಡಿದಂತೆ ಬಿಳಿ ಆರರಿಂದ ಎಣಿಸಿದರೆ ಗಾಂಧಾರ, ನಿಷಾದ ಎರಡೂ ಕೋಮಲವಾಗಿ (ಅರ್ಧ ಸ್ವರ ತಗ್ಗಿ) ಕಾಫಿ ಥಾಟ್ ಆಗಿಬಿಡುತ್ತದೆ. ನಿಜವಾದ ಷಡ್ಜ ನನ್ನ ಕಿವಿಗೆ ಕೋಮಲ ನಿಷಾದವಾಗಿ ಕೇಳಿಸುತ್ತಿತ್ತು. ವಾದ್ಯಗಳು ಮನೆ ಸೇರಿ ನಿಂತಾಗಲೂ ನಾನು ಇನ್ನೊಂದು ಮೆಟ್ಟಿಲಿಗಾಗಿ ಕಾಯುತ್ತಿದ್ದೆ. ಇದನ್ನು ಪೆಟ್ಟಿಗೆಯ ಮೇಲೆ ನೀವೇ ಎರಡೂ ರೀತಿಯಲ್ಲಿ ಒತ್ತಿ ನೋಡಬೇಕು, ಓದಿದರೆ ಸಾಲದು.

ಇನ್ನೊಂದು ತೊಡಕೂ ಇದೆ: ಷಡ್ಜ ಕೊನೆಯವರೆಗೂ ಒಂದೆಡೆ ನಿಲ್ಲುವುದಿಲ್ಲ. ಜಿಯಲ್ಲಿ ಆರಂಭವಾದ ಕೃತಿ ಇ ಮೇಜರ್‌ನಲ್ಲಿ, ಅಂದರೆ ಬಿಳಿ ಮೂರರಲ್ಲಿ ಮುಗಿಯುತ್ತದೆ. ಹಳೆಯ ಧೈವತವೇ ಹೊಸ ಷಡ್ಜ. ಇದನ್ನು ಮೂರ್ಛನೆ (ಅವೇ ಸ್ವರಗಳಲ್ಲಿ ಇನ್ನೊಂದನ್ನು ಷಡ್ಜವಾಗಿಸುವ ಕ್ರಮ) ಎಂದುಕೊಂಡರೆ ಅರ್ಧ ಮಾತ್ರ ಸರಿ, ಏಕೆಂದರೆ ಮೂರ್ಛನೆಯಲ್ಲಿ ಸ್ವರಗಳು ಅವೇ ಉಳಿಯುತ್ತವೆ. ಇಲ್ಲಿ ಬಿಳಿ ಐದು, ಒಂದು, ಎರಡು ಹೋಗಿ ಕಪ್ಪು ನಾಲ್ಕು, ಒಂದು, ಎರಡು ಬರುತ್ತವೆ. ಆರಂಭದಲ್ಲಿ ಷಡ್ಜವಾಗಿದ್ದ ಬಿಳಿ ಐದು ಸಪ್ತಕದಲ್ಲಿಯೇ ಉಳಿಯುವುದಿಲ್ಲ. ನನಗೆ ಇಡೀ ಸಿಂಫನಿಯಲ್ಲಿ ಅತ್ಯಂತ ಪ್ರಿಯವಾದ ಸಂಗತಿ ಇದೇ.

ಎರಡನೆಯ ಭಾಗದಲ್ಲಿ ಮುಖ್ಯ ಪಿಟೀಲು ವಾದಕರು ಒಂದು ಸ್ವರ ಮೇಲಕ್ಕೆ ಶ್ರುತಿ ಮಾಡಿದ ಇನ್ನೊಂದು ಪಿಟೀಲನ್ನು ಕೈಗೆತ್ತಿಕೊಳ್ಳುತ್ತಾರೆ. ಅದರ ನಾದ ಬೇಕೆಂದೇ ಒರಟಾಗಿದೆ.

ಗಾಯಕಿಯ ಮುಂದೆ ಮೈಕ್ ಇರಲಿಲ್ಲ. ಗಾಯಕಿಗೆ ಅತ್ಯಂತ ಮೆಲ್ಲಗೆ ಸಾಥ್ ಕೊಡಬೇಕೆಂದು ಮಾಹ್ಲರ್ ಸ್ವರಲಿಪಿಯಲ್ಲಿಯೇ ಸೂಚಿಸಿದ್ದಾರೆ. ಹಾಡು ಸ್ವರ್ಗವನ್ನು ಮಗುವಿನ ಕಣ್ಣಿನಿಂದ ನೋಡುತ್ತದೆ. ಅಲ್ಲಿನ ಸಂಗೀತಕ್ಕೆ ಸಮನಾದದ್ದು ಭೂಮಿಯಲ್ಲಿಲ್ಲ ಎಂಬ ಕೊನೆಯ ನುಡಿ ಬರುವುದು ಆ ಹೊಸ ಷಡ್ಜದಲ್ಲಿಯೇ. ಭಾಗಗಳ ನಡುವೆ ಚಪ್ಪಾಳೆ ತಟ್ಟುವ ವಾಡಿಕೆಯಿಲ್ಲ, ನಮ್ಮಲ್ಲಿಯಂತೆ 'ವಾಹ್' ಎನ್ನುವುದೂ ಇಲ್ಲ. ಕೊನೆಗೆ ಹಾರ್ಪ್ ಕ್ಷೀಣಿಸಿ, ಡಬಲ್ ಬಾಸ್‌ಗಳು ಮಂದ್ರದ ಇ ಸ್ವರವನ್ನು ಕೇಳಿಯೂ ಕೇಳದಂತೆ ಹಿಡಿದಿರುತ್ತವೆ. ಕಂಡಕ್ಟರ್ ಕೈ ಇಳಿಸುವವರೆಗೂ ಕಾಯಿರಿ, ಆ ಸ್ವರಕ್ಕೆ ಮನಸ್ಸಿನಲ್ಲಿಯೇ 'ಸಾ' ಎಂದು ಸೇರಿಸಿ ನೋಡಿ.