ಎನ್‌95: ಆ 95 ಯಾವುದರ ಲೆಕ್ಕ?

ಎನ್‌95 ಕಂಪನಿಯ ಹೆಸರಲ್ಲ, ಅಮೆರಿಕದಲ್ಲಿ ಕೆಲಸಗಾರರ ಸುರಕ್ಷತೆ ನೋಡಿಕೊಳ್ಳುವ ನಿಯೋಷ್ ಸಂಸ್ಥೆ ಮಾಸ್ಕುಗಳಿಗೆ ಕೊಡುವ ದರ್ಜೆ. ಎಣ್ಣೆಯ ತುಂತುರು ಇರುವಲ್ಲಿ ಇದು ಕೆಲಸಕ್ಕೆ ಬಾರದು ಎನ್ನುವುದನ್ನು 'ಎನ್' ಸೂಚಿಸುತ್ತದೆ. ನಿಮಿಷಕ್ಕೆ 85 ಲೀಟರ್ ಗಾಳಿಯ ಜೊತೆ ಸುಮಾರು 0.3 ಮೈಕ್ರಾನಿನ (ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ಉಪ್ಪಿನ ಕಣ ಹಾಯಿಸಿದರೆ ನೂರಕ್ಕೆ 95ನ್ನಾದರೂ ಹಿಡಿಯಬೇಕು, 95 ಅಂದರೆ ಇದು. ನಮ್ಮ ಭಾರತೀಯ ಮಾನಕ ಬ್ಯೂರೋ, ಅಂದರೆ ಬಿಐಎಸ್‌ನ ಐಎಸ್ 9473 ಮಾನಕದಲ್ಲಿ ಇದಕ್ಕೆ ಹತ್ತಿರದ್ದು ಎಫ್‌ಎಫ್‌ಪಿ2. ಅಲ್ಲಿ ಕನಿಷ್ಠ 94.

ಕೊರೊನಾ ವೈರಸ್ಸಿನ ಗಾತ್ರ ಸುಮಾರು 0.1 ಮೈಕ್ರಾನ್. ಹಾಗಾದರೆ ಅದು ನುಸುಳಿಬಿಡುವುದಿಲ್ಲವೇ? ಮಾಸ್ಕನ್ನು ಜರಡಿ ಎಂದುಕೊಂಡವರಿಗೆ ಬರುವ ಅನುಮಾನವಿದು. ದೊಡ್ಡ ಕಣ ಗಾಳಿಯ ಜೊತೆ ತಿರುಗಲಾರದೆ ನೇರ ಹೋಗಿ ಎಳೆಗೆ ಬಡಿಯುತ್ತದೆ. ತೀರ ಸಣ್ಣದು ಗಾಳಿಯ ಅಣುಗಳ ಹೊಡೆತಕ್ಕೆ ಅಡ್ಡಾದಿಡ್ಡಿ ಓಲಾಡಿ ಯಾವುದೋ ಎಳೆಗೆ ತಗಲಿಕೊಳ್ಳುತ್ತದೆ. ಇವೆರಡರ ನಡುವಿನವೇ ತಂಟೆ. ಅವುಗಳಿಗಾಗಿ ಒಳಪದರದ ಪಾಲಿಪ್ರೊಪಿಲೀನ್ ಎಳೆಗಳಿಗೆ ಕಾರ್ಖಾನೆಯಲ್ಲೇ ವಿದ್ಯುತ್ ಆವೇಶ ಕೊಟ್ಟಿರುತ್ತಾರೆ. ಹತ್ತಿರ ಬಂದ ಕಣವನ್ನು ಎಳೆಯೇ ಸೆಳೆದುಕೊಳ್ಳುತ್ತದೆ. ಸೋಪಿನಲ್ಲಿ ಒಗೆದರೆ, ಸ್ಯಾನಿಟೈಸರ್ ಸಿಂಪಡಿಸಿದರೆ ಈ ಆವೇಶ ಹೋಗುತ್ತದೆ. ಮಾಸ್ಕ್ ಹೊಸದರಂತೆ ಕಾಣುತ್ತದೆ, ಸೋಸುವ ಶಕ್ತಿ ಮಾತ್ರ ಕುಸಿದಿರುತ್ತದೆ.

ಇಷ್ಟೆಲ್ಲ ಆದರೂ 95 ಬಟ್ಟೆಯ ಲೆಕ್ಕ, ನಿಮ್ಮ ಮುಖದ್ದಲ್ಲ. ಅಂಚಿನಲ್ಲಿ ಸಂದಿ ಇದ್ದರೆ ಗಾಳಿ ಬಟ್ಟೆಯನ್ನು ಬಿಟ್ಟು ಅಲ್ಲಿಂದಲೇ ನುಗ್ಗುತ್ತದೆ. ನಿಯೋಷ್ ಒಪ್ಪಿದವುಗಳಲ್ಲಿ ತಲೆಗೆ ಹಾಕುವ ಎರಡು ಪಟ್ಟಿ ಇರುತ್ತವೆ. ಕಿವಿಗೆ ಸಿಕ್ಕಿಸುವ ದಾರವಿದ್ದು 'ಎನ್‌95' ಎಂದು ಅಚ್ಚಾಗಿದ್ದರೆ ಅನುಮಾನಿಸಿ. ಮೇಲಿನ ಪಟ್ಟಿ ನೆತ್ತಿಯ ಹಿಂಭಾಗಕ್ಕೆ, ಕೆಳಗಿನದು ಕಿವಿಯ ಕೆಳಗೆ, ಕತ್ತಿನ ಹಿಂದೆ. ಮೂಗಿನ ತಂತಿಯನ್ನು ಎರಡೂ ಕೈಯ ಬೆರಳುಗಳಿಂದ ನಡುವಿನಿಂದ ಬದಿಗೆ ಒತ್ತಬೇಕು. ಒಂದೇ ಕೈಯಲ್ಲಿ ಚಿವುಟಿದರೆ ಮೂಗಿನ ಮೇಲೆ ಗೂಡಿನಂತೆ ಎದ್ದು ನಿಲ್ಲುತ್ತದೆ. ಆಮೇಲೆ ಎರಡು ಅಂಗೈಯಲ್ಲಿ ಮುಚ್ಚಿ ಜೋರಾಗಿ ಉಸಿರು ಬಿಡಿ. ಕಣ್ಣಿನತ್ತ ಗಾಳಿ ಬಂದರೆ, ಕನ್ನಡಕ ಮಂಜಾದರೆ ತಂತಿ ಮತ್ತೆ ಒತ್ತಿ. ಗಡ್ಡದ ಮೇಲೆ ಕೂರಿಸಿದರೆ ಎಷ್ಟು ಒತ್ತಿದರೂ ಸೋರುತ್ತದೆ.

ಮುಂದೆ ಪ್ಲಾಸ್ಟಿಕ್ ವಾಲ್ವ್ ಇರುವುದು ಧೂಳಿನ ಕೆಲಸಕ್ಕೆ ಸರಿ. ಆದರೆ ಬಿಟ್ಟ ಉಸಿರು ಆ ವಾಲ್ವಿನಿಂದ ಸೋಸದೆ ಹೊರಬೀಳುತ್ತದೆ, ಹಾಗಾಗಿ ಸೋಂಕಿತರು ಹಾಕಿಕೊಂಡರೆ ಸುತ್ತಲಿನವರಿಗೆ ವಾಲ್ವ್ ಇಲ್ಲದ್ದರಷ್ಟು ರಕ್ಷಣೆ ಸಿಗುವುದಿಲ್ಲ. ಕ್ಷಯದ ವಾರ್ಡಿನಲ್ಲಿ ರೋಗಿಗೆ ಸಾಮಾನ್ಯ ಸರ್ಜಿಕಲ್ ಮಾಸ್ಕ್, ನರ್ಸಿಗೆ ಎನ್‌95 ಕೊಡುವುದು ತಾರತಮ್ಯವಲ್ಲ. ಕೆಮ್ಮಿದಾಗ ಚಿಮ್ಮುವ ಹನಿಯನ್ನು ಬಾಯಿಯ ಹತ್ತಿರವೇ ತಡೆಯಲು ಸಡಿಲ ಮಾಸ್ಕೂ ಸಾಕಷ್ಟು ನೆರವಾಗುತ್ತದೆ; ಆ ಹನಿ ಒಣಗಿ ತಾಸುಗಟ್ಟಲೆ ಗಾಳಿಯಲ್ಲಿ ತೇಲುವ ಕಣವಾದ ಮೇಲೆ, ಅದನ್ನು ಉಸಿರಿನಿಂದ ಹೊರಗಿಡಲು ಬಿಗಿಯಾಗಿ ಕೂರುವುದೇ ಬೇಕು.